ಕುದಿಯುವ ನೀರಿನ ಕಪ್ಪೆ: ಸಹಿಸುವುದೋ, ಸರಿಯುವುದೋ?




*ಇಂದಿನ ಚಿಂತನೆ*

ಕುದಿಯುವ ನೀರಿನ ಕಪ್ಪೆಯ ಕಥೆ ನಮ್ಮೆಲ್ಲರ ಮೊಬೈಲಿಗೂ ವರ್ಷಕ್ಕೆ ನಾಲ್ಕೈದು ಸಲ ಬರುತ್ತದೆ. ಬಿಸಿ ನೀರಿಗೆ ಹಾಕಿದರೆ ಕಪ್ಪೆ ತಟ್ಟನೆ ಹಾರಿ ಹೊರಬರುತ್ತದೆಯಂತೆ. ತಣ್ಣೀರಿಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಾ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲವಂತೆ, ಕೂತಲ್ಲೇ ಬೆಂದು ಸಾಯುತ್ತದಂತೆ. ಕೊನೆಗೊಂದು ನೀತಿ: ನೀವೂ ಆ ಕಪ್ಪೆಯ ಹಾಗಾಗಬೇಡಿ, ಸಮಯ ಇರುವಾಗಲೇ ಎಚ್ಚೆತ್ತುಕೊಳ್ಳಿ.

ನೀತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಪ್ಪೆಯ ಬಗ್ಗೆ ಹೇಳಿರುವುದು ನಿಜವಲ್ಲ. ಸುಳ್ಳಾಡದಿರುವುದು ನಾಲ್ಕನೆಯ ಶೀಲ. ಬಾಯಿಲ್ಲದ ಪ್ರಾಣಿಯ ವಿಷಯದಲ್ಲೂ ಅದನ್ನು ಪಾಲಿಸಬೇಕು ಎಂದು ನನಗನ್ನಿಸುತ್ತದೆ. ಅದಕ್ಕೇ ಇವತ್ತು ಕಪ್ಪೆಯ ಪರವಾಗಿ ನಾಲ್ಕು ಮಾತು. ಜೊತೆಗೆ, ನಮ್ಮ ಅಧ್ಯಯನ ಬಳಗದಲ್ಲಿ ಈ ಬೇಸಿಗೆಯಲ್ಲಿ ಎದ್ದ ಒಂದು ಪ್ರಶ್ನೆಗೆ ಉತ್ತರ ಹುಡುಕಲು ಕಪ್ಪೆಯೇ ನಮಗೆ ನೆರವಾಗಬಹುದು.

*ಕಥೆ ಎಲ್ಲಿಂದ ಬಂತು?*

1869ರಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞ ಫ್ರೆಡ್ರಿಕ್ ಗೋಲ್ಟ್ಸ್ ಎಂಬವರು ಆತ್ಮ ದೇಹದಲ್ಲಿ ಎಲ್ಲಿ ನೆಲೆಸಿದೆ ಎಂದು ಹುಡುಕುತ್ತಾ ಕಪ್ಪೆಗಳ ಮೇಲೆ ಪ್ರಯೋಗ ಮಾಡಿದರು. ಒಂದು ಕಪ್ಪೆಯ ಮೆದುಳನ್ನು ತೆಗೆದಿದ್ದರು, ಇನ್ನೊಂದನ್ನು ಇದ್ದ ಹಾಗೇ ಬಿಟ್ಟಿದ್ದರು. ನೀರನ್ನು ನಿಧಾನವಾಗಿ ಕಾಯಿಸುತ್ತಾ ಹೋದರು. ಮೆದುಳಿಲ್ಲದ ಕಪ್ಪೆ ಅಲ್ಲಾಡದೆ ಕೂತಿತು. ಮೆದುಳಿದ್ದ ಕಪ್ಪೆ ನೀರು 25 ಡಿಗ್ರಿ ಸೆಲ್ಸಿಯಸ್ ತಲುಪುವ ಹೊತ್ತಿಗೇ ಚಡಪಡಿಸಿ ಹೊರಬರಲು ನೋಡಿತು. 25 ಡಿಗ್ರಿ ಎಂದರೆ ನಾವು ಸ್ನಾನಕ್ಕೂ ಸಾಲದು ಎನ್ನುವಷ್ಟು ತಣ್ಣನೆಯ ನೀರು.

1872ರಲ್ಲಿ ಹೈನ್ಸ್‌ಮನ್ ಎಂಬವರು, ತೀರಾ ನಿಧಾನವಾಗಿ ಕಾಯಿಸಿದರೆ ಮೆದುಳಿರುವ ಕಪ್ಪೆಯೂ ಕದಲುವುದಿಲ್ಲ ಎಂದು ಬರೆದರು. ಕಥೆಗೆ ಬಲ ಬಂದದ್ದು ಇಂಥ ಬರಹಗಳಿಂದ. ನಮ್ಮ ಕಾಲದಲ್ಲಿ, ಉಭಯಜೀವಿಗಳು ಎಷ್ಟು ತಾಪ ತಡೆಯಬಲ್ಲವು ಎಂಬುದನ್ನೇ ಬಹುಕಾಲ ಅಭ್ಯಾಸ ಮಾಡಿದ ಅಮೆರಿಕದ ಒಕ್ಲಹೋಮಾ ವಿಶ್ವವಿದ್ಯಾಲಯದ ವಿಕ್ಟರ್ ಹಚಿಸನ್ ಈ ಕಥೆ ಪೂರ್ತಿ ತಪ್ಪು ಎಂದರು. ನಿಮಿಷಕ್ಕೆ ಸುಮಾರು ಒಂದು ಡಿಗ್ರಿಯಂತೆ ನೀರು ಬಿಸಿಯಾಗುತ್ತಾ ಹೋದರೆ ಕಪ್ಪೆಯ ಓಡಾಟ ಹೆಚ್ಚುತ್ತಾ ಹೋಗುತ್ತದೆ. ಪಾತ್ರೆಯ ಬಾಯಿ ತೆರೆದಿದ್ದರೆ ಅದು ಹಾರಿ ಹೋಗುತ್ತದೆ.

ಗೋಲ್ಟ್ಸ್ ಹುಡುಕಿದ ಆತ್ಮದ ಮಾತು ಇವತ್ತು ಬೇಡ. ಒಂದನ್ನು ಮಾತ್ರ ಗಮನಿಸಿ. ಕಾವು ಏರಿದರೂ ಸುಮ್ಮನೆ ಕೂತದ್ದು ಮೆದುಳು ಕಳೆದುಕೊಂಡ ಕಪ್ಪೆ. ಅದನ್ನು ನೋಡಿ ಯಾರಾದರೂ ‘ಆಹಾ, ಎಂಥ ಸಮಚಿತ್ತ!’ ಎಂದಾರೆಯೇ?

*ಕಪ್ಪೆಯ ದಿನಚರಿ*

ನಮ್ಮ ಮೈಯ ಒಳಗೊಂದು ಒಲೆ ಇದೆ. ಹೊರಗೆ ಚಳಿಯಿರಲಿ ಸೆಖೆಯಿರಲಿ, ಅದು ಮೈಯನ್ನು 37 ಡಿಗ್ರಿಯ ಆಸುಪಾಸಿನಲ್ಲೇ ಇಡಲು ಹೆಣಗುತ್ತದೆ. ಕಪ್ಪೆಗೆ ಅಂಥ ಒಲೆಯಿಲ್ಲ. ಸುತ್ತಲಿನ ಗಾಳಿ, ನೀರು, ನೆಲ ಹೇಗಿವೆಯೋ ಅದರ ಮೈಯೂ ಹಾಗೆ. ಹಾಗಿದ್ದ ಮೇಲೆ ಅದು ಹವೆಯ ಕೈಗೊಂಬೆ ತಾನೇ ಎಂದು ಕೇಳಬಹುದು. ಅಲ್ಲ. ಒಳಗಿನ ಒಲೆ ಮಾಡುವ ಕೆಲಸವನ್ನು ಅದು ನಡವಳಿಕೆಯಿಂದ ಮಾಡಿಕೊಳ್ಳುತ್ತದೆ. ಅಂದರೆ ಜಾಗ ಬದಲಿಸುತ್ತದೆ, ಕೂರುವ ಭಂಗಿ ಬದಲಿಸುತ್ತದೆ, ಹೊರಬರುವ ಹೊತ್ತು ಬದಲಿಸುತ್ತದೆ.

ಅಮೆರಿಕದ ಬುಲ್‌ಫ್ರಾಗ್ ಎಂಬ ದೊಡ್ಡ ಕಪ್ಪೆಗಳನ್ನು ಹಾರ್ವೆ ಲಿಲಿವೈಟ್ ಎಂಬ ವಿಜ್ಞಾನಿ ಕೊಳದ ದಂಡೆಯಲ್ಲಿ ಗಮನಿಸಿ 1970ರಲ್ಲಿ ಬರೆದಿದ್ದಾರೆ. ಬೆಳಗ್ಗೆ ಅವು ಬಿಸಿಲಿಗೆ ಬಂದು ಮೈ ಕಾಯಿಸಿಕೊಳ್ಳುತ್ತವೆ. ಬಿಸಿಲು ಏರಿದಂತೆ ಕೂರುವ ದಿಕ್ಕು ಬದಲಿಸುತ್ತವೆ, ಮೈಯನ್ನು ನೆಲಕ್ಕೆ ಒತ್ತುತ್ತವೆ ಇಲ್ಲವೇ ಎತ್ತುತ್ತವೆ, ಬೇಕಾದಾಗ ನೀರಿಗಿಳಿಯುತ್ತವೆ. ಹೀಗೆ ಬಿಸಿಲ ಹಗಲಿನಲ್ಲೂ ಮೈಯ ತಾಪವನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಉಳಿಸಿಕೊಳ್ಳುತ್ತವೆ. ಗೊದಮೊಟ್ಟೆಗಳಿಗೂ ಈ ವಿದ್ಯೆ ಗೊತ್ತು. ಹಗಲು ದಂಡೆಯ ತೆಳು ನೀರು ಬೆಚ್ಚಗಾದಾಗ ಗುಂಪಾಗಿ ಅಲ್ಲಿಗೆ ಬರುತ್ತವೆ. ರಾತ್ರಿ ಆ ನೀರು ತಣ್ಣಗಾದಾಗ ಆಳಕ್ಕೆ ಹೋಗುತ್ತವೆ.

ಆದರೆ ಬಿಸಿಲು ಕಾಯಿಸಿಕೊಳ್ಳುವುದು ಕಪ್ಪೆಗೆ ಪುಕ್ಕಟೆ ಸಿಗುವುದಿಲ್ಲ. ಅದರ ಚರ್ಮ ಸದಾ ಒದ್ದೆ. ಬಿಸಿಲಲ್ಲಿ ಕೂತಷ್ಟು ಹೊತ್ತೂ ಮೈಯ ನೀರು ಆವಿಯಾಗುತ್ತದೆ. ಆವಿಯಾಗುವ ನೀರು ಮೈಯನ್ನು ತಂಪು ಮಾಡುತ್ತದೆ ನಿಜ, ಆದರೆ ಕಳೆದುಕೊಂಡ ನೀರನ್ನು ಮತ್ತೆ ತುಂಬಿಕೊಳ್ಳಬೇಕು. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲಕ್ಕೆ ಹೊಟ್ಟೆಯ ಕೆಳಭಾಗವನ್ನು ಒತ್ತಿ ಕೂತು ಚರ್ಮದಿಂದಲೇ ಹೀರಿಕೊಳ್ಳುತ್ತದೆ. ನೀರು ಹತ್ತಿರದಲ್ಲಿಲ್ಲದಿದ್ದರೆ ಕೈಕಾಲು ಮೈಯೊಳಕ್ಕೆ ಮಡಚಿ, ಗದ್ದವನ್ನು ನೆಲಕ್ಕೂರಿ, ಕಣ್ಣು ಮುಚ್ಚಿ ಕೂರುತ್ತದೆ. ನೋಡಿದವರಿಗೆ ಧ್ಯಾನಕ್ಕೆ ಕೂತಂತೆ ಕಾಣಬಹುದು. ಗಾಳಿಗೆ ತಾಗುವ ಚರ್ಮ ಕಡಿಮೆಯಾದಷ್ಟೂ ಅದರ ನೀರು ಉಳಿಯುತ್ತದೆ, ಅಷ್ಟೇ.

ಇನ್ನೊಂದು ಸಂಗತಿ ನನಗೆ ತುಂಬಾ ಹಿಡಿಸಿತು. ಹೊಟ್ಟೆ ತುಂಬಿದ ನೆಲಗಪ್ಪೆ ಬೆಚ್ಚಗಿನ ಜಾಗ ಹುಡುಕುತ್ತದೆ, ಏಕೆಂದರೆ ಕಾವಿನಲ್ಲಿ ಆಹಾರ ಬೇಗ ಅರಗುತ್ತದೆ. ಹಸಿದ ನೆಲಗಪ್ಪೆ ತಂಪಾದ ಜಾಗಕ್ಕೆ ಹೋಗುತ್ತದೆ, ಏಕೆಂದರೆ ತಂಪಿನಲ್ಲಿ ಮೈಯ ಖರ್ಚು ಕಡಿಮೆ. ಒಂದೇ ಪ್ರಾಣಿ, ಒಂದೇ ದಿನ. ಅದಕ್ಕೆ ‘ಸರಿಯಾದ’ ಕಾವು ಯಾವುದು ಎಂಬುದು ಆ ಹೊತ್ತಿನ ಅದರ ಸ್ಥಿತಿಯ ಮೇಲೆ ನಿಂತಿದೆ.

*ಬಳಗದಲ್ಲಿ ಎದ್ದ ಪ್ರಶ್ನೆ*

ಈಗ ಆ ಪ್ರಶ್ನೆಗೆ ಬರುತ್ತೇನೆ. ನಮ್ಮ ಭಾನುವಾರದ ಕೂಟಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ದುಡಿಯುವ ಅಕ್ಕ ಒಬ್ಬರು ಬರುತ್ತಾರೆ. ಅವರದು ಐರನ್ ಸೆಕ್ಷನ್. ಮೇಲೆ ಶೀಟಿನ ಛಾವಣಿ, ಎದುರಿಗೆ ಇಸ್ತ್ರಿಯ ಹಬೆ. ಅವರು ಕೇಳಿದರು: “ಅಣ್ಣಾ, ಸೆಖೆ ಬಂದಾಗ ಇದು ಬರೀ ವೇದನೆ, ಹುಟ್ಟುತ್ತೆ, ಹೋಗುತ್ತೆ ಅಂತ ನೋಡ್ತಾ ಕೆಲಸ ಮಾಡ್ತೀನಿ. ನೀರು ಕುಡಿಯೋಕೆ ಎದ್ದರೆ ಸೂಪರ್‌ವೈಸರ್ ಟಾರ್ಗೆಟ್ ಟಾರ್ಗೆಟ್ ಅಂತಾರೆ. ಪಕ್ಕದ ಹುಡುಗಿಯರು, ಅಕ್ಕಾ ಫ್ಯಾನ್ ಕೇಳೋಣ ಬಾ ಅಂತಾರೆ. ನಾನು ಹೋದರೆ ನನ್ನ ಉಪೇಕ್ಖಾ ಹೋಯ್ತು ಅಂತಾನಾ?”

ಕೂಟದಲ್ಲಿ ಎರಡು ಮಾತು ಬಂದವು. ಹಿರಿಯರೊಬ್ಬರು, ಖಂತಿ ಎಂದರೆ ಸಹನೆ ದೊಡ್ಡ ಪಾರಮಿ, ಹೊರಗಿನದನ್ನು ಬದಲಿಸಲು ಹೊರಟರೆ ಅದಕ್ಕೆ ಕೊನೆಯಿಲ್ಲ, ಮನಸ್ಸನ್ನು ಬದಲಿಸಿಕೊಳ್ಳುವುದೇ ದಾರಿ ಎಂದರು. ಓದುವ ಹುಡುಗನೊಬ್ಬ, ಹಾಗಾದರೆ ಧ್ಯಾನ ಎಂಬುದು ಮಾಲೀಕರಿಗೆ ಅನುಕೂಲವಾದ ವಿದ್ಯೆಯಾಯಿತಲ್ಲ ಎಂದ. ಇಬ್ಬರ ಮಾತಿನಲ್ಲೂ ತೂಕವಿತ್ತು.

ನನ್ನ ಮನಸ್ಸು ಹೋದದ್ದು ಮಜ್ಝಿಮ ನಿಕಾಯದ ಎರಡನೆಯ ಸುತ್ತಕ್ಕೆ, ಸಬ್ಬಾಸವ ಸುತ್ತಕ್ಕೆ. ಆಸವಗಳನ್ನು ಕಳೆದುಕೊಳ್ಳಲು ಬುದ್ಧರು ಅಲ್ಲಿ ಏಳು ದಾರಿ ಹೇಳುತ್ತಾರೆ: ಕಂಡು ಅರಿಯುವುದು, ಇಂದ್ರಿಯ ಸಂವರ, ಸರಿಯಾಗಿ ಬಳಸುವುದು, ಸಹಿಸುವುದು, ದೂರ ಸರಿಯುವುದು, ಹೊರಹಾಕುವುದು, ಭಾವನೆಯಿಂದ ಬೆಳೆಸುವುದು. ನಾವು ಸಾಮಾನ್ಯವಾಗಿ ಈ ಪಟ್ಟಿಯನ್ನು ಓದಿ ಮುಂದೆ ಹೋಗುತ್ತೇವೆ. ಸ್ವಲ್ಪ ನಿಂತು ನೋಡಿದರೆ, ಬಿಸಿಲು ಮತ್ತು ಸೆಖೆಯ ಮಾತು ಅದರಲ್ಲಿ ಎರಡು ಕಡೆ ಬರುತ್ತದೆ. ‘ಸಹಿಸುವುದು’ ಎಂಬಲ್ಲಿ ಭಿಕ್ಖು ಚಳಿ, ಸೆಖೆ, ಹಸಿವು, ಬಾಯಾರಿಕೆಗಳನ್ನು ತಾಳಿಕೊಳ್ಳುತ್ತಾನೆ ಎಂದಿದೆ. ‘ಬಳಸುವುದು’ ಎಂಬಲ್ಲಿ ಅದೇ ಭಿಕ್ಖು ಅದೇ ಚಳಿ, ಸೆಖೆಗಳನ್ನು ತಡೆಯಲೆಂದೇ ಚೀವರವನ್ನು ಹೊದೆಯುತ್ತಾನೆ, ವಸತಿಯನ್ನು ಬಳಸುತ್ತಾನೆ ಎಂದಿದೆ. ‘ದೂರ ಸರಿಯುವುದು’ ಎಂಬಲ್ಲಿ ಮದವೇರಿದ ಆನೆ, ಹಾವು, ಮುಳ್ಳು, ಕೊರಕಲುಗಳಿಂದ ತಪ್ಪಿಸಿಕೊಳ್ಳುವುದನ್ನು ಹೇಳಿದೆ. ಆನೆ ಎದುರಾದಾಗ ಅದು ಬರೀ ರೂಪ ಎಂದು ನೋಡುತ್ತಾ ನಿಲ್ಲು ಎಂದು ಬುದ್ಧರು ಎಲ್ಲೂ ಹೇಳಲಿಲ್ಲ. ಬೋಧಿಗೆ ಮುಂಚೆ ದೇಹವನ್ನು ಬಿಸಿಲಿಗೂ ಚಳಿಗೂ ಒಡ್ಡಿ ದಂಡಿಸಿ ನೋಡಿದವರು ಅವರು. ಅದರಿಂದ ಬಿಡುಗಡೆ ಸಿಗುವುದಿಲ್ಲ ಎಂದು ಕಂಡುಕೊಂಡು ಬಿಟ್ಟವರು.

ಅಂದರೆ ತಾಳಿಕೊಳ್ಳುವುದು ಏಳರಲ್ಲಿ ಒಂದು. ಯಾವಾಗ ಯಾವುದು ಎಂಬ ವಿವೇಕವೇ ಇಲ್ಲಿ ಮುಖ್ಯ. ದಕ್ಷಿಣ ಅಮೆರಿಕದ ಒಣ ಕಾಡುಗಳಲ್ಲಿ ಒಂದು ಜಾತಿಯ ಮರಗಪ್ಪೆ ಇದೆ. ತನ್ನ ಚರ್ಮದಿಂದಲೇ ಒಸರುವ ಮೇಣವನ್ನು ಕಾಲುಗಳಿಂದ ಮೈಗೆಲ್ಲ ಸವರಿಕೊಂಡು ಹಗಲಿಡೀ ಕೊಂಬೆಯ ಮೇಲೆ ಅಲ್ಲಾಡದೆ ಕೂರುತ್ತದೆ. ಮೈ ಕಾದರೂ ತಾಳಿಕೊಳ್ಳುತ್ತದೆ. ಆದರೆ ತಾಪ 40 ಡಿಗ್ರಿಯ ಹತ್ತಿರ ಬಂದಾಗ, ಅಲ್ಲಿಯವರೆಗೆ ಕಾಪಾಡಿಟ್ಟ ನೀರನ್ನು ಚರ್ಮದಿಂದ ಹೊರಬಿಟ್ಟು ಮೈ ತಂಪು ಮಾಡಿಕೊಳ್ಳುತ್ತದೆ. ಸಹಿಸುವುದಕ್ಕೂ ಒಂದು ಗಡಿ ಇದೆ. ಗಡಿ ಮುಟ್ಟಿದಾಗ ಏನು ಮಾಡಬೇಕೆಂದು ಅದರ ಮೈಗೆ ಗೊತ್ತಿದೆ.

‘ಅಧಿಟ್ಠಾನಕ್ಕೆ ಕೂತಾಗ ಒಂದು ಗಂಟೆ ಕದಲಬೇಡಿ ಎನ್ನುತ್ತೀರಲ್ಲ?’ ಎಂದು ಕೆಲವರು ಕೇಳಬಹುದು. ಹೌದು. ಆದರೆ ಆ ಗಂಟೆಯನ್ನು ನಾವೇ ಆರಿಸಿಕೊಂಡಿದ್ದೇವೆ, ಅದಕ್ಕೊಂದು ಕೊನೆಯಿದೆ, ಮಂಡಿ ನೋವಿನಿಂದ ನಾವು ಕಲಿಯುತ್ತಿದ್ದೇವೆ. ಶೀಟಿನ ಛಾವಣಿಯ ಕೆಳಗೆ ನೀರಿಲ್ಲದ ಎಂಟು ಗಂಟೆಯನ್ನು ಆ ಅಕ್ಕ ಆರಿಸಿಕೊಂಡದ್ದಲ್ಲ. ಒಬ್ಬರು ತಮಗಾಗಿ ಆರಿಸಿಕೊಂಡ ಸಹನೆ ಪಾರಮಿ. ಅದೇ ಸಹನೆಯನ್ನು ಇನ್ನೊಬ್ಬರ ಮೇಲೆ ಹೇರಿದರೆ ಅದು ಹಿಂಸೆ.

ಕಪ್ಪೆಯಿಂದ ಇನ್ನೊಂದನ್ನೂ ಕಲಿಯಬಹುದು. ಮಧ್ಯಾಹ್ನ ಬಿಸಿಲು ಬಿಟ್ಟು ನೀರಿಗಿಳಿಯುವ ಕಪ್ಪೆಗೆ ಸೂರ್ಯನ ಮೇಲೆ ದ್ವೇಷವಿಲ್ಲ. ಬೆಳಗ್ಗೆ ಅದೇ ಸೂರ್ಯನನ್ನು ಹುಡುಕಿಕೊಂಡು ಬಂದಿತ್ತು, ನಾಳೆಯೂ ಬರುತ್ತದೆ. ನಾವು ಜಾಗ ಬಿಟ್ಟು ಸರಿಯುವುದನ್ನೂ ಮುನಿಸನ್ನೂ ಒಂದೇ ಎಂದುಕೊಂಡಿದ್ದೇವೆ. ಹಾಗಾಗಿ ಫ್ಯಾನ್ ಕೇಳಬೇಕಾದರೆ ಸಿಟ್ಟು ಬರಲೇಬೇಕು, ಸಿಟ್ಟು ಬರಬಾರದೆಂದರೆ ಫ್ಯಾನ್ ಕೇಳಬಾರದು ಎಂಬ ಗಂಟು ಬಿದ್ದಿದೆ. ಉಪೇಕ್ಖಾ ಬಿಡಿಸುವುದು ಈ ಗಂಟನ್ನೇ. ದ್ವೇಷವಿಲ್ಲದೆ ಕೇಳಬಹುದು, ದ್ವೇಷವಿಲ್ಲದೆ ಬೇಡ ಎನ್ನಬಹುದು. ನಾನು ಅಕ್ಕನಿಗೆ ಹೇಳಿದ್ದು ಇಷ್ಟೇ: ಸೆಖೆ ಬಂದಾಗ ನೋಡುವುದನ್ನು ಬಿಡಬೇಡಿ, ಆ ಹುಡುಗಿಯರ ಜೊತೆ ಹೋಗುವುದನ್ನೂ ಬಿಡಬೇಡಿ. 250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಬೇಸಿಗೆಗೆ ತಂಪಾದ ಕುಡಿಯುವ ನೀರಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ನೀವು ಕೇಳುತ್ತಿರುವುದು ಹೊಸದೇನನ್ನೂ ಅಲ್ಲ.

*ನೆರಳೇ ಇಲ್ಲದಿದ್ದರೆ?*

ಇಲ್ಲಿಗೆ ಮುಗಿಸಿದರೆ ಅರ್ಧ ಮಾತು ಹೇಳಿದಂತೆ. ಕಪ್ಪೆಯ ವಿದ್ಯೆಯೆಲ್ಲ ನಿಂತಿರುವುದು ಒಂದು ಆಧಾರದ ಮೇಲೆ. ಸರಿಯಲು ಜಾಗವಿರಬೇಕು. ಪಕ್ಕದಲ್ಲಿ ನೆರಳು, ಒದ್ದೆ ಮಣ್ಣು, ತರಗೆಲೆ, ದಂಡೆಯ ತೆಳು ನೀರು ಇರಬೇಕು. ದಂಡೆಗೆಲ್ಲ ಕಾಂಕ್ರೀಟ್ ಹಾಕಿದ ಕೆರೆಯಲ್ಲಿ ಎಷ್ಟು ಜಾಣ ಕಪ್ಪೆಯಾದರೂ ಏನು ಮಾಡೀತು? ಕಥೆಯಲ್ಲೂ ನಾವು ಕಪ್ಪೆಯ ಮಂದಬುದ್ಧಿಯನ್ನು ಬೈಯುತ್ತೇವೆ. ಪಾತ್ರೆಗೆ ಹಾಕಿದವರು ಯಾರು, ಉರಿ ಹಚ್ಚಿದವರು ಯಾರು, ಮುಚ್ಚಳ ಮುಚ್ಚಿದವರು ಯಾರು ಎಂದು ಕೇಳುವುದಿಲ್ಲ.

ಸರಿಯುವುದಕ್ಕೂ ಬೆಲೆಯಿದೆ. ನೆರಳಲ್ಲಿ ಅಡಗಿದಷ್ಟು ಹೊತ್ತು ಕಪ್ಪೆಗೆ ಬೇಟೆಯಿಲ್ಲ. ಮನುಷ್ಯರಲ್ಲೂ ಹಾಗೆಯೇ. ನಮ್ಮ ಕಲಬುರಗಿ ಸೀಮೆಯಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಬಂದರೆ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಒಳ್ಳೆಯ ಕ್ರಮ, ಕಪ್ಪೆಯೂ ಮೆಚ್ಚುವಂಥದ್ದು. ನೌಕರರ ಸಂಬಳ ಕಡಿತವಾಗುವುದಿಲ್ಲ. ಅದೇ ಊರಿನಲ್ಲಿ ರಸ್ತೆಗೆ ಡಾಂಬರು ಹಾಕುವವರು, ಗಾರೆ ಕೆಲಸದವರು, ತಳ್ಳುಗಾಡಿಯವರು ಮಧ್ಯಾಹ್ನ ನೆರಳಿಗೆ ಹೋದರೆ ಆ ಹೊತ್ತಿನ ದುಡಿಮೆ ಹೋಯಿತು. ‘ಬಿಸಿಲಲ್ಲಿ ಓಡಾಡಬೇಡಿ’ ಎಂಬ ಸಂದೇಶವನ್ನು ನಾವು ಮನೆಯೊಳಗೆ ಕೂತು ಕಳಿಸುತ್ತೇವೆ. ಕೂಲಿ ಕಳೆದುಕೊಳ್ಳದೆ ಹೋಗಿ ಕೂರಬಹುದಾದ ನೆರಳೇ ನಿಜವಾದ ನೆರಳು.

ವಿಮಾನವತ್ಥುವಿನ ಮಂಡೂಕ ದೇವಪುತ್ತನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಚಂಪಾ ನಗರದ ಗಗ್ಗರಾ ಪುಷ್ಕರಿಣಿಯ ದಡದಲ್ಲಿ ಬುದ್ಧರು ಉಪದೇಶ ಮಾಡುತ್ತಿದ್ದಾಗ ಕಪ್ಪೆಯೊಂದು ಆ ದನಿಗೆ ಕಿವಿಗೊಟ್ಟು ಕೂತಿತ್ತು. ಅಲ್ಲಿಗೆ ಬಂದ ದನಗಾಹಿಯೊಬ್ಬ ತನ್ನ ಕೋಲನ್ನು ನೆಲಕ್ಕೂರಿ ಅದರ ಮೇಲೆ ಒರಗಿ ನಿಂತ. ಕೋಲು ಊರಿದ್ದು ಕಪ್ಪೆಯ ತಲೆಯ ಮೇಲೆ. ಧಮ್ಮದ ದನಿಯಲ್ಲಿ ಪ್ರಸನ್ನವಾಗಿದ್ದ ಅದರ ಚಿತ್ತದ ಫಲವಾಗಿ ಅದು ತಾವತಿಂಸ ಲೋಕದಲ್ಲಿ ಹುಟ್ಟಿತು ಎನ್ನುತ್ತದೆ ಕಥೆ. ನಾವು ಕಪ್ಪೆಯ ಪುಣ್ಯವನ್ನು ನೆನೆದು ಸಾಧು ಎನ್ನುತ್ತೇವೆ. ಈಚೆಗೆ ನಾನು ಯೋಚಿಸುವುದು ದನಗಾಹಿಯ ಬಗ್ಗೆ. ಅವನಿಗೆ ಕೊಲ್ಲುವ ಚೇತನಾ ಇರಲಿಲ್ಲ, ಆದ್ದರಿಂದ ಅದು ಪಾಣಾತಿಪಾತ ಅಲ್ಲ. ಆದರೆ ಕೋಲು ಊರುವ ಮೊದಲು ಅವನು ನೆಲ ನೋಡಲಿಲ್ಲ. ನಾವು ಮಾಡುವ ಹೆಚ್ಚಿನ ಹಾನಿ ಈ ಬಗೆಯದು. ಅಂಗಳಕ್ಕೆ ಪೂರ್ತಿ ಸಿಮೆಂಟ್ ಹಾಕುತ್ತೇವೆ. ಕಾರು ನಿಲ್ಲಿಸಲು ಬೀದಿಯ ಹೊಂಗೆ ಮರ ಕಡಿಸುತ್ತೇವೆ, ಅದರ ಕೆಳಗೆ ಸೊಪ್ಪು ಮಾರುವ ಅಜ್ಜಿ ಕೂರುತ್ತಿದ್ದರು ಎಂಬುದು ಮರ ಹೋದ ಮೇಲೆ ಹೊಳೆಯುತ್ತದೆ. ಚೇತನಾ ಶುದ್ಧವಾಗಿದ್ದರೆ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಸಾಲದು, ಅಪ್ಪಮಾದವೂ ಬೇಕು. ಜಗತ್ತಿನ ಸುಮಾರು 8,000 ಉಭಯಜೀವಿ ಪ್ರಭೇದಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ವರದಿಯ ಪ್ರಕಾರ ನೂರಕ್ಕೆ 41ರಷ್ಟು ಅಳಿವಿನ ಅಪಾಯದಲ್ಲಿವೆ. ಅವುಗಳಲ್ಲಿ ಹೆಚ್ಚಿನವನ್ನು ಯಾರೂ ಕೊಲ್ಲಬೇಕೆಂದು ಹೊರಟವರಲ್ಲ. ಕೋಲು ಊರಿದರು, ಅಷ್ಟೇ.

*ಜಾಗ ಮಾಡಿಕೊಡುವುದು*

ಹಾಗಾದರೆ ಕರುಣೆ ಏನು ಮಾಡಬೇಕು? ಎರಡು ಉದಾಹರಣೆ ಕೊಡುತ್ತೇನೆ.

ಮೊದಲನೆಯದು ಹಳೆಯದು. ನಮ್ಮ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದ ಶಿಲ್ಪದಲ್ಲಿ ಹೆಸರಿನ ಸಮೇತ ಕಾಣಿಸುವ ಸಾಮ್ರಾಟ ಅಶೋಕ, ಈಗ ದೆಹಲಿಯಲ್ಲಿರುವ ಏಳನೆಯ ಸ್ತಂಭ ಶಾಸನದಲ್ಲಿ ತಾನು ಮಾಡಿದ ಕೆಲಸಗಳನ್ನು ಹೇಳಿಕೊಳ್ಳುತ್ತಾನೆ. ದಾರಿಯುದ್ದಕ್ಕೂ ಆಲದ ಮರ ನೆಡಿಸಿದೆ, ಬಾವಿ ತೋಡಿಸಿದೆ ಎನ್ನುತ್ತಾನೆ. ಮರಗಳು ಯಾರಿಗೆ? ಪ್ರಾಣಿಗಳಿಗೂ ಮನುಷ್ಯರಿಗೂ ನೆರಳಾಗಲಿ ಎಂದು. ಪ್ರಾಣಿಗಳನ್ನೂ ಸೇರಿಸಿ ಹೇಳಿದ್ದಾನೆ.

ಎರಡನೆಯದು 2024ರದು. ಕೈಟ್ರಿಡ್ ಎಂಬ ಶಿಲೀಂಧ್ರ ಜಗತ್ತಿನಾದ್ಯಂತ 500ಕ್ಕೂ ಹೆಚ್ಚು ಉಭಯಜೀವಿ ಪ್ರಭೇದಗಳನ್ನು ಕುಗ್ಗಿಸಿದೆ. ಅದಕ್ಕೆ ತಂಪು ಬೇಕು, ಕಾವು ಆಗದು. ರೋಗ ತಗುಲಿದ ಕಪ್ಪೆಗೆ ಬೆಚ್ಚಗಿನ ಜಾಗ ಸಿಕ್ಕರೆ ಬದುಕುವ ಅವಕಾಶವಿದೆ. ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಆಂಥನಿ ವಾಡಲ್ ಮತ್ತು ಜೊತೆಗಾರರು ತೂತುಗಳಿರುವ ಇಟ್ಟಿಗೆಗಳಿಗೆ ಕಪ್ಪು ಬಣ್ಣ ಬಳಿದು, ಪೇರಿಸಿ, ಮೇಲೊಂದು ಸಣ್ಣ ಹಸಿರುಮನೆ ಹೊದಿಸಿದರು. ಬಿಸಿಲಿಗೆ ಇಟ್ಟಿಗೆ ಬೆಚ್ಚಗಾಯಿತು. ಅಲ್ಲಿನ ಹಸಿರು ಹೊನ್ನಿನ ಬಣ್ಣದ ಬೆಲ್ ಫ್ರಾಗ್ ಕಪ್ಪೆಗಳು ತಾವಾಗಿಯೇ ಹೋಗಿ ಆ ತೂತುಗಳಲ್ಲಿ ಕೂತವು. ರೋಗ ವಾಸಿಯಾಯಿತು. ವಾಸಿಯಾದ ಕಪ್ಪೆಗಳಿಗೆ ಮತ್ತೆ ರೋಗ ತಗುಲಿದಾಗ ತಡೆಯುವ ಶಕ್ತಿಯೂ ಹೆಚ್ಚಿತ್ತು.

ಯಾರೂ ಕಪ್ಪೆಯನ್ನು ಹಿಡಿದು ಇಟ್ಟಿಗೆಯೊಳಗೆ ತುರುಕಲಿಲ್ಲ. ಎಷ್ಟು ಹೊತ್ತು ಕೂರಬೇಕೆಂದು ಹೇಳಿಕೊಡಲಿಲ್ಲ. ಜಾಗ ಮಾಡಿಕೊಟ್ಟರು, ಉಳಿದದ್ದನ್ನು ಕಪ್ಪೆ ನೋಡಿಕೊಂಡಿತು. ಹಸಿದ ಕಪ್ಪೆಗೆ ಬೇಕಾದ ಕಾವೇ ಬೇರೆ, ಹೊಟ್ಟೆ ತುಂಬಿದ ಕಪ್ಪೆಗೆ ಬೇಕಾದದ್ದೇ ಬೇರೆ ಎಂದ ಮೇಲೆ, ಇನ್ನೊಬ್ಬರು ಎಷ್ಟು ಸಹಿಸಬೇಕು ಎಂದು ಹೊರಗಿನಿಂದ ಅಳೆಯಲು ನಾವು ಯಾರು? ಅವರಿಗೆ ಸರಿಯಲು ಜಾಗವಿದೆಯೇ ಎಂದು ನೋಡುವುದು ಮಾತ್ರ ನಮ್ಮ ಕೈಲಿದೆ.

*ಇಂದಿನ ಅಭ್ಯಾಸ*

ಒಂದು: ಇವತ್ತು ಮೈಗೆ ಸೆಖೆ, ಬಾಯಾರಿಕೆ, ನೋವು ಬಂದಾಗ ಒಂದು ಉಸಿರಿನಷ್ಟು ಹೊತ್ತು ಅದನ್ನು ವೇದನೆಯೆಂದು ನೋಡಿ. ಆಮೇಲೆ ಕೇಳಿಕೊಳ್ಳಿ: ಇದು ತಾಳಿಕೊಳ್ಳಬೇಕಾದದ್ದೋ, ಬಳಸಿ ತಡೆಯಬೇಕಾದದ್ದೋ, ಬಿಟ್ಟು ಸರಿಯಬೇಕಾದದ್ದೋ?

ಎರಡು: ಯಾರಿಗಾದರೂ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎನ್ನುವ ಮೊದಲು ಅವರ ಪಕ್ಕದಲ್ಲಿ ನೆರಳಿದೆಯೇ ಎಂದು ನೋಡಿ. ಮನೆಗೆಲಸಕ್ಕೆ ಬರುವವರು, ಕಸ ಒಯ್ಯುವವರು, ಪಾರ್ಸೆಲ್ ತರುವ ಹುಡುಗ, ಮನೆಯ ಸೊಸೆ, ಯಾರೇ ಆಗಲಿ.

ಮೂರು: ಬಾಗಿಲ ಬಳಿ ಒಂದು ತಂಬಿಗೆ ನೀರಿಡಿ. ಅಂಗಳದ ಮೂಲೆಯಲ್ಲಿ ಒಂದಿಷ್ಟು ಒದ್ದೆ ಮಣ್ಣು, ನಾಲ್ಕು ತರಗೆಲೆ ಹಾಗೇ ಇರಲಿ. ಮಳೆ ಬಂದಾಗ ಯಾರು ಬಂದು ಕೂರುತ್ತಾರೋ ನೋಡೋಣ.

ಸಕಲ ಜೀವಿಗಳೂ ಸುಖವಾಗಿರಲಿ.
ಸಾಧು, ಸಾಧು, ಸಾಧು 🙏